ನಾಣ್ಯದ ಸದ್ದು

ಅಕ್ಟೋಬರ್ ೧೪, ಮಂಗಳವಾರ.

ಮಗ ಇವತ್ತು ತಾನು ಹಾಕಿದ ನೆಲವನ್ನು ತಾನೇ ಒಡೆದು ಹಾಕಿದ. ಅವನು ಕೆಲಸ ಮಾಡುತ್ತಿದ್ದ ಮನೆಯ ಯಜಮಾನಿ ಫೋನ್ ಮಾಡಿದ ಕೂಡಲೇ ಓಡಿದೆ. ಬಚ್ಚಲುಮನೆಯ ಅರ್ಧ ಟೈಲ್ಸ್ ಚೂರಾಗಿ ಬಿದ್ದಿತ್ತು. ಅವನು ಸುತ್ತಿಗೆ ಹಿಡಿದು ಮೂಲೆಯಲ್ಲಿ ಕೂತಿದ್ದ, ಕೈಯೆಲ್ಲ ರಕ್ತ.

"ಎಲ್ಲಾ ಟೊಳ್ಳು ಅಪ್ಪ. ಬೇಕಾದ್ರೆ ನೀನೇ ಬಡಿದು ನೋಡು" ಅಂದ.

ಅಡಿಯಲ್ಲಿ ಗಾರೆ ತುಂಬದಿದ್ದರೆ, ಟೈಲ್ಸ್ ಮೇಲೆ ನಾಣ್ಯ ಬಡಿದಾಗ ಬರುವ ಸದ್ದೇ ಹೇಳಿಬಿಡುತ್ತದೆ. ಉಳಿದದ್ದನ್ನೆಲ್ಲ ಬಡಿದು ನೋಡಿದೆ. ಒಂದೂ ಟೊಳ್ಳಿರಲಿಲ್ಲ. ನಾನು ಹಾಕಿದ್ದರೂ ಅಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ.

ಈ ನಾಣ್ಯದ ಚಟ ಹತ್ತಿಸಿದವನು ನಾನೇ. ಅವನು ಕೆಲಸ ಕಲಿಯುವಾಗ ದಿನಾ ಸಂಜೆ ಅವನು ಕೂರಿಸಿದ ಒಂದೊಂದು ಟೈಲನ್ನೂ ಬಡಿಯುತ್ತಿದ್ದೆ. ಸದ್ದು ಚೂರು ಬೇರೆ ಬಂದರೂ ಎಲ್ಲರೆದುರು ಒಡೆದು ಹಾಕುತ್ತಿದ್ದೆ, ಕೈ ಪಳಗಲಿ ಅಂತ. ಈಗ ಮೂರು ತಿಂಗಳಿಂದ ಅವನು ನೆಟ್ಟಗೆ ಉಂಡಿಲ್ಲ, ಮಲಗಿಲ್ಲ. ಮನೆಯ ಗೋಡೆಯನ್ನೂ ಬಡಿದು ಕಿವಿಯಿಟ್ಟು ಕೇಳುತ್ತಾನೆ. ಕೆಲಸ ತಪ್ಪಿಸುವ ನಾಟಕ ಅಂತ ಬೈದಿದ್ದೆ. ನನ್ನ ನಾಲಿಗೆ ಸೇದಿಹೋಗಲಿ.

ಮನೆಗೆ ಕರೆತಂದ ಮೇಲೆ ಹೆಂಡತಿ ಅವನ ಕೈಗೆ ಬಟ್ಟೆ ಕಟ್ಟುತ್ತಾ, "ಒಂದಿನಾದ್ರೂ ಇವನ ಕೆಲ್ಸ ಚೆನ್ನಾಗಿದೆ ಅಂದಿದ್ರಾ? ಬಾಯಲ್ಲಿ ಸಿಮೆಂಟ್ ತುಂಬ್ಕೊಂಡಿದ್ರಾ?" ಅಂದಳು. ನಾಳೆ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅಲ್ಲಿ ಏನಂತ ಹೇಳುವುದೋ? ಸುತ್ತಿಗೆ ಮೊದಲು ಎತ್ತಿದವನು ನಾನು ಅಂತಲೇ?

ಊಟಕ್ಕೆ ಕೂತಾಗ ಹೇಗೋ ಬಾಯಿ ಬಿಟ್ಟೆ. "ಆ ನೆಲ ಚೆನ್ನಾಗಿತ್ತು ಕಣೋ."

ಅವನ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಕೇಳಿದ, "ನೀನೇ ಸಮಾಧಾನ ಹೇಳೋವಷ್ಟು ಕೆಟ್ಟದಾಗಿತ್ತಾ ಅಪ್ಪ?"