ಬೋಂಡನ ಹುಲ್ಲು

ಹಲಗೂರು
16-11-2024

ಮಗಳೇ ಪ್ರಿಯಾಂಕ,

ನಿನ್ನ ಅವ್ವನ ನೂರು ಮುತ್ತು. ನಿನ್ನ ಪರೀಕ್ಷೆ ಮುಗಿಯಲೆಂದು ಕಾದಿದ್ದು ಈಗ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಮ್ಮ ಬೋಂಡ ಹೋಗಿಬಿಟ್ಟಿತು ಕಣಮ್ಮ. ಹನ್ನೆರಡು ದಿನವಾಯಿತು.

ಈ ನಡುವೆ ನೀನು ನಾಲ್ಕು ಸಲ ಫೋನ್ ಮಾಡಿದೆ. ಬೋಂಡ ಮಲಗಿದೆ ಎಂದೆ, ಸೌತೆಕಾಯಿ ತಿನ್ನುತ್ತಿದೆ ಎಂದೆ. ಅದರ ಕೂಗು ಕೇಳಿಸು ಎಂದಾಗ ಚಾರ್ಜ್ ಇಲ್ಲವೆಂದು ಫೋನ್ ಆರಿಸಿದೆ. ಒಂಬತ್ತನೇ ಕ್ಲಾಸಿನಲ್ಲಿ ನೀನು ಅಂಗೈಯಲ್ಲಿಟ್ಟುಕೊಂಡು ತಂದ ಗಿನಿಪಿಗ್ ಅದು. ನನ್ನನ್ನು ನಂಬಿ ಬಿಟ್ಟುಹೋಗಿದ್ದೆ.

ಆ ಸೋಮವಾರ ಬೆಳಿಗ್ಗೆ ಹಸಿ ಹುಲ್ಲು ಹಾಕಿದೆ, ಆಸೆಪಟ್ಟು ತಿಂದಿತು. ಮಧ್ಯಾಹ್ನ ತರಕಾರಿ ಕವರ್ ಬಿಚ್ಚಿದರೂ ಸಿಳ್ಳೆ ಹಾಕಲಿಲ್ಲ. ನೋಡಿದರೆ ಮೈಕೂದಲು ಕೆದರಿಕೊಂಡು ಮೂಲೆಯಲ್ಲಿ ಮುದುರಿತ್ತು, ಬಾಯಲ್ಲಿ ಜೊಲ್ಲು. ನಿಮ್ಮಪ್ಪ ಊಟದ ತಟ್ಟೆ ಬಿಟ್ಟೆದ್ದು ಅದನ್ನು ಟವೆಲಿನಲ್ಲಿ ಸುತ್ತಿಕೊಂಡರು. ಇಬ್ಬರೂ ಮಳವಳ್ಳಿ ಬಸ್ಸು ಹತ್ತಿದೆವು.

ದಾರಿಯುದ್ದಕ್ಕೂ ಅವರು ಅದರ ಕಿವಿಯ ಹತ್ತಿರ ಬಾಗಿ, "ಎದ್ದೇಳ್ಲಾ ಬೋಂಡ, ಅವ್ಳು ಬಂದ್ರೆ ನಾನೇನ್ ಯೋಳ್ಲಿ" ಎನ್ನುತ್ತಿದ್ದರು. ಅವರು ಬೇಡವೆಂದರೂ ನೀನು ನರ್ಸಿಂಗ್ ಸೇರಿದ ಮೇಲೆ ಈ ಮನೆಯಲ್ಲಿ ನಿನ್ನ ಹೆಸರೆತ್ತದ ಮನುಷ್ಯ. ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಹಾಕಿದರು, ಏನು ತಿಂದಿತು ಎಂದು ಕೇಳಿದರು, ವಿಷ ಏರಿದೆ ಎಂದರು. ವಾಪಸ್ ಬರುವಾಗ ನಿಮ್ಮಪ್ಪನ ತೊಡೆಯ ಮೇಲೆಯೇ ತಣ್ಣಗಾಯಿತು. ಹಲಗೂರಿನಲ್ಲಿ ನಾನಿಳಿದರೂ ಅವರು ಇಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು, ಟವೆಲ್ ಎದೆಗವಚಿಕೊಂಡು ನಡೆದು ಬಂದರು. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ನಿನ್ನ ಹಳೆಯ ವೇಲ್ ಹೊದಿಸಿದ್ದೇನೆ.

ಪಕ್ಕದ ಹೊಲದ ದೊಡ್ಡಸಿದ್ದಯ್ಯನವರು ಸಂಜೆ ಬಂದು ವಿಷಯ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ನಮ್ ಬದೀನ್ ಉಲ್ಲಾ? ನೆನ್ನೆ ತಾನೆ ಕಳೆ ಔಸ್ದಿ ಒಡ್ದಿದ್ದೆ ಕಣಮ್ಮ" ಎಂದರು.

ಆ ಹುಲ್ಲು ಕುಯ್ದು ತಂದವಳು ನಾನೇ, ಪ್ರಿಯಾಂಕ. ಯಾರನ್ನೂ ಕೇಳದೆ, ನೋಡದೆ ತಂದೆ. ನಿನ್ನ ಸಿಟ್ಟೆಲ್ಲ ನನ್ನ ಮೇಲಿರಲಿ. ಬಯ್ಯಬೇಕೆನಿಸಿದರೆ ಬಯ್ಯಿ, ಫೋನ್ ಮಾತ್ರ ನಿಲ್ಲಿಸಬೇಡ. ಈ ಮನೆಯಲ್ಲಿ ಇನ್ನೊಬ್ಬರೂ ಮಾತು ಬಿಟ್ಟರೆ ನನ್ನಿಂದ ತಾಳಲಾಗದು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಶಶಿರೇಖಾ

ಇನ್ನೊಂದು ಮಾತು: ಪ್ರಿಯಾಂಕ, ಇದು ನಾನು ಬರೆಯುತ್ತಿರುವುದು, ನಿಮ್ಮಪ್ಪ ಸಿದ್ದರಾಮು. ಅಂಚೆಗೆ ಹಾಕಲು ನಿಮ್ಮವ್ವ ಕೊಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಒಡೆದು ಓದಿದೆ. ಹುಲ್ಲು ತಂದವನು ನಾನು, ಅವಳಲ್ಲ. ನೀನು ಹೋದಾಗಿನಿಂದ ದಿನವೂ ನಾನೇ ತರುತ್ತಿದ್ದೆ. ಅದು ಅವಳಿಗೆ ಮಾತ್ರ ಗೊತ್ತು. ಕಾಗದವನ್ನು ಅಂಚೆಗೆ ಹಾಕಲಿಲ್ಲ, ಮಂಡ್ಯಕ್ಕೆ ನಾನೇ ತಂದು ನಿಮ್ಮ ವಾರ್ಡನ್ ಕೈಗೆ ಕೊಡುತ್ತಿದ್ದೇನೆ. ಹಾಸ್ಟೆಲ್ ಗೇಟಿನ ಎದುರು ಹುಣಸೆ ಮರದ ಕೆಳಗೆ ಕೂತಿರುತ್ತೇನೆ. ನಾಲ್ಕು ಗಂಟೆಯ ಬಸ್ಸಿನವರೆಗೂ ಇರುತ್ತೇನೆ. ನಿನಗೆ ಬರಲು ಮನಸ್ಸಾಗದಿದ್ದರೆ ನಾಳೆಯೂ ಬರುತ್ತೇನೆ.