ಎಂಟನೇ ತಾರೀಖಿನ ಟೇಪು

ಮಾರ್ಚ್ 5, 1964, ಗುರುವಾರ

ಬೆಳಿಗ್ಗೆ ಸೋಪಿನ ಜಾಹೀರಾತು. ಹದಿನೆಂಟರ ಹುಡುಗಿಯ ದನಿ ಬೇಕಂತೆ — ಕೊಟ್ಟೆ. ಮಧ್ಯಾಹ್ನ ಸಿನಿಮಾ ನಟಿಯೊಬ್ಬಳ ತುಟಿಗೆ ನನ್ನ ಹಾಡು. ನಾಳೆ ರೇಡಿಯೋದಲ್ಲಿ ಅಜ್ಜಿ, ಬಾತುಕೋಳಿ, ಎರಡೂ ನಾನೇ. ವಯಸ್ಸು ನಲವತ್ತಾರಾಯಿತು. ನನ್ನ ಹೆಸರಿನ ಒಂದು ರೆಕಾರ್ಡೂ ಇಲ್ಲ. ಭಾನುವಾರ ಮಧ್ಯಾಹ್ನ ಗೆಡ್ಜ್‌ನ ಪಬ್ಬಿನ ಮಹಡಿಯಲ್ಲಿ ಜಾಜ್ ಹಾಡುವಾಗ ಮಾತ್ರ ಹೊರಗಿನ ಹಲಗೆಯ ಮೇಲೆ 'ಡೋರೀನ್ ಹ್ಯಾಸ್ಲಮ್' ಅಂತಿರುತ್ತದೆ. ಅಷ್ಟೇ ನಾನು.

ಮಾರ್ಚ್ 8, ಭಾನುವಾರ, ಬ್ರಿಸ್ಟಲ್ ರೈಲು

ಟೀವಿ ಕೆಲಸ. ಪಬ್ಬಿಗೆ ನನ್ನ ಬದಲಿಗೆ ಮೌರೀನಳನ್ನು ಕಳಿಸಿದೆ, ನನಗಿಂತ ಚಿಕ್ಕವಳು, ಇದೇ ದನಿ ಕೆಲಸದವಳು. ನಮ್ಮಲ್ಲಿ ಎಲ್ಲರೂ ಮಾಡುವುದೇ. ಬದಲಿಯವರ ಹೆಸರು ಹೇಳುವ ಪದ್ಧತಿಯಿಲ್ಲ, ಹಲಗೆಯ ಮೇಲಿನ ಹೆಸರನ್ನೂ ಅಳಿಸುವುದಿಲ್ಲ.

ಮಾರ್ಚ್ 12

ಕಾಗದ! ರೆಕಾರ್ಡ್ ಕಂಪನಿಯ ಪ್ಯಾಸ್ಕೋ ಅಂತೆ. "ನಿಮ್ಮ ಟೇಪ್ ಕೇಳಿದೆ. ಪೂರ್ತಿ ಎಲ್‌ಪಿ ರೆಕಾರ್ಡೇ ಮಾಡೋಣ." ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಆಮೇಲೆ ಕಣ್ಣಿಗೆ ಬಿತ್ತು — ಎಂಟನೇ ತಾರೀಖಿನ ಟೇಪು.

ಗೆಡ್ಜ್ ಹತ್ತಿರ ಓಡಿದೆ.

"ನಾನೇ ಕಳ್ಸಿದ್ದು ಕಣಮ್ಮ! ಕೆಳಗೆ ಬಿಯರ್ ಹಾಕ್ತಿದ್ದೆ, ಮೇಲೆ ಬರೋಕಾಗ್ಲಿಲ್ಲ. ಟೇಪ್ ಮಿಷನ್ ಮಾತ್ರ ಹಾಕಿಟ್ಟಿದ್ದೆ. ಅಬ್ಬಾ, ಏನ್ ಹಾಡಿದೀಯ! ಇತ್ತೀಚೆಗೆ ಹಿಂಗೆ ಹಾಡೇ ಇರ್ಲಿಲ್ಲ ನೀನು."

ಟೇಪ್ ಹಾಕಿ ಕೇಳಿಸಿದ. ಹಾಳಾದವಳು ಮೌರೀನ್, ಚೆನ್ನಾಗೇ ಹಾಡಿದ್ದಾಳೆ. ಹೊಟ್ಟೆ ಉರಿಯಿತು. ಅದು ನಾನಲ್ಲ ಅನ್ನದೆ ಎದ್ದು ಬಂದೆ.

ಮಾರ್ಚ್ 17

ಸ್ಟುಡಿಯೋ. ಮೊದಲ ಹಾಡು ನನ್ನದೇ ದನಿಯಲ್ಲಿ. ಪ್ಯಾಸ್ಕೋ ಗಡಿಯಾರ ನೋಡಿಕೊಂಡರು.

"ಗಂಟಲು ಸರಿಯಿಲ್ವಾ ಮೇಡಂ? ಟೇಪಲ್ಲಿ ಹಾಡಿದೀರಲ್ಲ, ಹಾಗೆ ಬರ್ಲಿ."

ಹಾಗೇ ಬಂತು. ಮೌರೀನಳ ದನಿ — ಸಾಲಿನ ಕೊನೆಯ ಆ ಸಣ್ಣ ಎಳೆತ, ಎಲ್ಲ. ಕಷ್ಟವೇ ಆಗಲಿಲ್ಲ. ಪ್ಯಾಸ್ಕೋ ಎದ್ದು ನಿಂತರು.

"ಇದು! ಇದು ನೀವು!"

ಕರಾರುಪತ್ರ ಕೊಟ್ಟರು. ಶುಕ್ರವಾರದೊಳಗೆ ಸಹಿ. ನಾಚಿಕೆಯಾಗುತ್ತಿದೆ. ಬೇಕು ಅಂತಲೂ ಅನ್ನಿಸುತ್ತಿದೆ, ಸುಳ್ಳೇಕೆ.

ಮಾರ್ಚ್ 19, ಸಂಜೆ

ತಡೆಯಲಾಗಲಿಲ್ಲ. ಮೌರೀನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ನಕ್ಕಳು.

"ಅಯ್ಯೋ, ಸಹಿ ಹಾಕಿ ಡೋರೀನ್! ಅದು ನನ್ನ ದನಿ ಎಲ್ಲಿ? ಬದಲಿಗೆ ಬಂದ್ಮೇಲೆ ನಿಮ್ಮ ಥರಾನೇ ಹಾಡ್ಬೇಕಲ್ಲ. ನಾನು ಸ್ಕೂಲ್ ಬಿಟ್ಟ ವರ್ಷ ಪಬ್ಬಲ್ಲಿ ಕೇಳ್ತಿದ್ನಲ್ಲ, ಆಗ ನೀವು ಹೆಂಗೆ ಹಾಡ್ತಿದ್ರೋ ಹಂಗೇ ಹಾಡ್ದೆ. ಅದು ಬಿಟ್ರೆ ನಂಗೇನ್ ಬರುತ್ತೆ?"

ಆ ಎಳೆತ ನನ್ನದಂತೆ. ನನಗೇ ಗುರುತು ಸಿಗಲಿಲ್ಲ.

ಪೆನ್ನು ತೆಗೆದೆ. ಸಹಿಗೆ ಮೊದಲು ಒಂದು ಸಲ ಹಾಡಿ ನೋಡೋಣ ಅನ್ನಿಸಿತು, ಯಾರ ಹಾಗೂ ಅಲ್ಲದೆ. ಕಿಟಕಿ ಮುಚ್ಚಿ ಹಾಡಿದೆ. ಬಂದದ್ದು ಮೌರೀನಳದು. ಮತ್ತೆ ಹಾಡಿದೆ — ಸೋಪಿನ ಹುಡುಗಿ. ಮತ್ತೆ — ರೇಡಿಯೋದ ಅಜ್ಜಿ. ಯಾರ ಹಾಗೂ ಅಲ್ಲದ ದನಿ ಮಾತ್ರ ಬರಲಿಲ್ಲ, ಸಹಿಯ ಜಾಗ ಇನ್ನೂ ಖಾಲಿ.