ಗೋಡೆಯಾಚೆಯ ರೊಟ್ಟಿ ಸಪ್ಪಳ

ಗುರಮ್ಮಕ್ಕಾ,

ಇವತ್ತು ಮಗಳ ಜೊತೆ ಕಲಬುರಗಿಗೆ ಹೋಗಿ ಸೇಡಂ ರಸ್ತೆಯಲ್ಲೊಂದು ಫ್ಲ್ಯಾಟ್ ನೋಡಿ ಬಂದೆ. ಲಿಫ್ಟ್ ಇದೆ, ಎದುರಿಗೇ ಆಸ್ಪತ್ರೆ. ತೋರಿಸಲು ಬಂದವನು ಗೋಡೆ ತಟ್ಟಿ, "ಬಾಜೂ ಮನಿ ಸಪ್ಪಳ ಒಟ್ಟ ಕೇಳಂಗಿಲ್ರೀ," ಎಂದು ಬೀಗಿದ.

ಇಲ್ಲಿ ಕಮಲಾಪುರದಲ್ಲಿ ನಮ್ಮಿಬ್ಬರ ಅಡುಗೆಮನೆಗಳ ನಡುವೆ ಒಂದೇ ಗೋಡೆ. ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಸಪ್ಪಳ ತಡವಾದರೆ ಸಾಕು, ನೀನು ಆ ಕಡೆಯಿಂದ ಗುದ್ದಿ, "ಇದ್ದೀಯೇನ ಇಲ್ಲಾ?" ಎಂದು ಕೂಗುತ್ತಿದ್ದೆ. ನೀನು ತೀರಿಕೊಂಡ ಮೇಲೂ ನಾನು ಒಂದೊಂದು ರೊಟ್ಟಿ ಬಡಿದು, ಕೈ ತಡೆದು ಗೋಡೆಗೆ ಕಿವಿಗೊಡುತ್ತೇನೆ.

"ಇಷ್ಟ್ ವರ್ಷ ಬ್ಯಾಡಂದಿ, ಈಗ ಹೆಂಗ ಹ್ಞೂಂ ಅಂದಿ ಯವ್ವಾ?" ಎಂದು ಮಗಳಿಗೆ ಅಚ್ಚರಿ. ಲಿಫ್ಟ್ ಇದೆಯಲ್ಲ ಎಂದೆ.

ಅಲ್ಲಿಯ ಗೋಡೆ ದಪ್ಪಗಿದೆ ಅಕ್ಕಾ. ನಿನ್ನ ಸಪ್ಪಳ ಕೇಳದಿದ್ದರೆ, ಅದು ಗೋಡೆಯ ತಪ್ಪು ಎಂದುಕೊಳ್ಳಬಹುದು.